ವ್ಯಾಪಾರಕ್ಕೊಂದು, ತಿಜೋರಿಗೊಂದು: ವರ್ತಕರ ಎರಡನೆಯ ದೂರವಾಣಿ ಸಂಖ್ಯೆ

ಮೈಸೂರಿನ ಅಶೋಕ ರಸ್ತೆ, ಸಯ್ಯಾಜಿರಾವ್ ರಸ್ತೆ, ಸಂತೆಪೇಟೆಗಳ ಹಳೆಯ ಅಂಗಡಿಗಳ ವಿಸಿಟಿಂಗ್ ಕಾರ್ಡುಗಳು ಯಾರ ಬಳಿಯಾದರೂ ಉಳಿದಿದ್ದರೆ, ಅವುಗಳ ಮೂಲೆಯಲ್ಲಿ ಎರಡು ದೂರವಾಣಿ ಸಂಖ್ಯೆಗಳು ಅಚ್ಚಾಗಿರುವುದನ್ನು ಕಾಣಬಹುದು. ಒಂದರ ಮುಂದೆ ‘ಅಂಗಡಿ’, ಇನ್ನೊಂದರ ಮುಂದೆ ‘ಮನೆ’. ರಾತ್ರಿ ಬಾಗಿಲು ಹಾಕಿದ ಮೇಲೆ ಅಂಗಡಿಯ ದೂರವಾಣಿ ಎಷ್ಟು ಬಡಿದುಕೊಂಡರೂ ಕೇಳುವವರಿರಲಿಲ್ಲ. ಮನೆಯ ಸಂಖ್ಯೆಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡುವವರು ಸಂಕೋಚಪಟ್ಟುಕೊಂಡೇ ಮಾಡುತ್ತಿದ್ದರು. ವ್ಯಾಪಾರ ಮತ್ತು ಸಂಸಾರದ ನಡುವಿನ ಈ ಗೋಡೆಯನ್ನು ಯಾರೂ ಯೋಚಿಸಿ ಕಟ್ಟಿದ್ದಲ್ಲ. ತಂತಿ ಎರಡು ಕಡೆಗೆ ಬೇರೆ ಬೇರೆಯಾಗಿ ಬರುತ್ತಿತ್ತು, ಅಷ್ಟೆ.

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರ ಜುಲೈ 31ರಂದು. ಆರಂಭದ ವರ್ಷಗಳಲ್ಲಿ ಬರುವ ಕರೆಗೂ ಹಣ ತೆರಬೇಕಾಗಿದ್ದುದರಿಂದ ವರ್ತಕರು ಮೊಬೈಲ್ ಸಂಖ್ಯೆಯನ್ನು ಕೆಲವೇ ಮಂದಿಗೆ ಕೊಡುತ್ತಿದ್ದರು. ದರವೇ ಆಗ ಗೋಪ್ಯತೆಯನ್ನು ಕಾಯುತ್ತಿತ್ತು. 2003ರ ಮೇ ತಿಂಗಳಿನಿಂದ ಒಳಬರುವ ಕರೆಗಳು ಉಚಿತವಾದವು. ಅಂಗಡಿಯ ನಾಮಫಲಕ, ಮಗಳ ಮದುವೆಯ ಲಗ್ನಪತ್ರಿಕೆ, ಮಕ್ಕಳ ಶಾಲೆಯ ದಾಖಲೆ, ಬ್ಯಾಂಕಿನ ಖಾತೆ ಎಲ್ಲಕ್ಕೂ ಒಂದೇ ಹತ್ತು ಅಂಕಿಗಳು ಸಾಕಾದವು. ಅದು ಅನುಕೂಲವೇ ಆಗಿತ್ತು. ತೊಡಕು ಬಂದದ್ದು ಆ ಸಂಖ್ಯೆ ಕೇವಲ ಮಾತನಾಡುವ ಸಾಧನವಾಗಿ ಉಳಿಯದೆ ಬೀಗದ ಕೈಯಾಗಿ ಮಾರ್ಪಟ್ಟಾಗ.

ಅಂತರ್ಜಾಲದ ಮೂಲಕ ನಡೆಯುವ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಜಾರಿಗೆ ತಂದಿತು. ಆಮೇಲೆ ಆಧಾರ್, 2016ರಲ್ಲಿ ಯು.ಪಿ.ಐ., 2017ರ ಜುಲೈ 1ರಿಂದ ಜಿ.ಎಸ್.ಟಿ. ಎಲ್ಲವೂ ಒ.ಟಿ.ಪಿ.ಯನ್ನು ಅವಲಂಬಿಸಿದವು. ಹೀಗಾಗಿ ಬಂಡಿಪಾಳ್ಯದ ಮಂಡಿಯಲ್ಲಿ ಗೋಣಿಚೀಲದ ಮೇಲೆ ಬರೆದಿರುವ ಸಂಖ್ಯೆಯೇ ಅದೇ ವರ್ತಕರ ಚಾಲ್ತಿ ಖಾತೆಯ ಸಂಖ್ಯೆಯೂ, ಆದಾಯ ತೆರಿಗೆ ಖಾತೆಯ ಸಂಖ್ಯೆಯೂ ಆಗಿರುತ್ತದೆ. ಸಂಖ್ಯೆ ತಿಳಿದ ಮಾತ್ರಕ್ಕೆ ಹಣ ಹೋಗಿಬಿಡುವುದಿಲ್ಲ, ನಿಜ. ಆದರೆ ವಂಚಕನಿಗೆ ಅರ್ಧ ಕೆಲಸ ಮುಗಿದಂತೆ. ಬ್ಯಾಂಕಿನವರೆಂದು ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾವ ಸಂಖ್ಯೆಯ ನಕಲಿ ಸಿಮ್ ಪಡೆಯಲು ಯತ್ನಿಸಬೇಕು ಎಂಬುದು ಅವನಿಗೆ ಫಲಕದಿಂದಲೇ ತಿಳಿಯುತ್ತದೆ. ಸಿಮ್ ಬದಲಾವಣೆಯ ವಂಚನೆ ಎಷ್ಟರಮಟ್ಟಿಗೆ ಬೆಳೆಯಿತೆಂದರೆ, ಸಿಮ್ ಬದಲಿಸಿದ ಏಳು ದಿನಗಳವರೆಗೆ ಆ ಸಂಖ್ಯೆಯನ್ನು ಬೇರೆ ಕಂಪನಿಗೆ ವರ್ಗಾಯಿಸುವಂತಿಲ್ಲ ಎಂಬ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಜುಲೈ 1ರಿಂದ ಜಾರಿಗೊಳಿಸಬೇಕಾಯಿತು.

ಹೊಸ ಸಂಖ್ಯೆ ಯಾರಿಗೆ?

ಎರಡನೆಯ ಸಂಖ್ಯೆ ಬೇಕು ಎಂಬುದನ್ನು ಬಹುತೇಕ ವರ್ತಕರು ಒಪ್ಪುತ್ತಾರೆ. ಆದರೆ ಅದನ್ನು ಬಳಸುವ ಕ್ರಮದಲ್ಲಿ ಒಂದು ತಪ್ಪು ಸಾಮಾನ್ಯವಾಗಿದೆ. ಹೊಸ ಸಿಮ್ ಕೊಂಡು ಅದನ್ನು ಗ್ರಾಹಕರಿಗೆ ಕೊಟ್ಟು, ಹಳೆಯದನ್ನು ‘ಖಾಸಗಿ’ ಎಂದು ಇಟ್ಟುಕೊಳ್ಳುತ್ತಾರೆ. ಇಪ್ಪತ್ತು ವರ್ಷಗಳಿಂದ ಬಿಲ್ಲುಗಳ ಮೇಲೆ, ಲಾರಿ ಕಚೇರಿಗಳಲ್ಲಿ, ಸಾವಿರಾರು ಜನರ ಫೋನುಗಳಲ್ಲಿ ದಾಖಲಾಗಿರುವ ಸಂಖ್ಯೆ ಇಂದು ಬೆಳಿಗ್ಗೆಯಿಂದ ಖಾಸಗಿಯಾಗಲಾರದು. ಮೇಲಾಗಿ ಹಳೆಯ ಗಿರಾಕಿಗಳು ಹಳೆಯ ಸಂಖ್ಯೆಗೇ ಕರೆ ಮಾಡುತ್ತಾರೆ. ಆದ್ದರಿಂದ ನಾಲ್ಕು ಜನರಿಗೆ ತಿಳಿದ ಸಂಖ್ಯೆಯನ್ನು ವ್ಯಾಪಾರಕ್ಕೇ ಬಿಟ್ಟುಕೊಟ್ಟು, ಬ್ಯಾಂಕು, ಆಧಾರ್, ಆದಾಯ ತೆರಿಗೆ, ಜಿ.ಎಸ್.ಟಿ.ಗಳನ್ನು ಹೊಸ ಸಂಖ್ಯೆಗೆ ವರ್ಗಾಯಿಸುವುದೇ ಸರಿಯಾದ ಕ್ರಮ. ಹೊಸ ಸಂಖ್ಯೆ ಮನೆಯವರಿಗೆ ಮತ್ತು ಬ್ಯಾಂಕಿಗೆ ಮಾತ್ರ ತಿಳಿದಿರಲಿ. ಅದರಿಂದ ಯಾವ ಗ್ರಾಹಕರಿಗೂ ಕರೆ ಮಾಡಬಾರದು. ವಾಟ್ಸ್‌ಆ್ಯಪ್ ಗುಂಪುಗಳಿಗೆ ಸೇರಿಸಬಾರದು. ಅಂಗಡಿಗಳ ಬಿಲ್ಲಿಂಗ್ ಕೌಂಟರಿನಲ್ಲಿ ಹೇಳಬಾರದು.

ಈಗ ತಾನೇ ವ್ಯವಹಾರ ಆರಂಭಿಸುವವರಿಗೆ ಲೆಕ್ಕ ತಿರುಗುಮುರುಗು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೋಣೆ ಬಾಡಿಗೆಗೆ ಕೊಡುವ ಗೃಹಿಣಿ, ಮನೆಯಲ್ಲೇ ತಿಂಡಿ ತಯಾರಿಸಿ ಮಾರುವವರು, ಹೊಲಿಗೆ ಕೆಲಸ ಹಿಡಿದವರು ಮೊದಲ ದಿನದಿಂದಲೇ ಗ್ರಾಹಕರಿಗೆ ಬೇರೆ ಸಂಖ್ಯೆ ಕೊಡುವುದು ಲೇಸು. ಒಬ್ಬ ಹೆಣ್ಣುಮಗಳ ವ್ಯಾಪಾರದ ಸಂಖ್ಯೆ ದಸರಾ ಜಾಹೀರಾತಿನಲ್ಲಿ ಅಚ್ಚಾದರೆ ರಾತ್ರಿ ಹನ್ನೊಂದಕ್ಕೆ ಎಂತಹ ಕರೆಗಳು ಬರುತ್ತವೆ ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆ ಫೋನನ್ನು ಸಂಜೆ ಏಳಕ್ಕೆ ಆರಿಸಿಡುವ ಸ್ವಾತಂತ್ರ್ಯ ಇರಬೇಕಾದರೆ ಅದರಲ್ಲಿ ಮಕ್ಕಳ ಶಾಲೆಯ ಕರೆ ಬರುವಂತಿರಬಾರದು.

ಮಾರ್ಗಗಳು

ಸುಲಭವಾದದ್ದು ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಇನ್ನೊಂದು ಸಿಮ್ ಅಥವಾ ಇ-ಸಿಮ್. ಇದರಲ್ಲಿ ಸಂಖ್ಯೆ ಬೇರೆಯಾಗುತ್ತದೆಯೇ ಹೊರತು ಫೋನು ಬೇರೆಯಾಗುವುದಿಲ್ಲ. ಫೋನು ಕಳೆದರೆ ಎರಡೂ ಕಳೆದಂತೆ. ಒಂದು ಆ್ಯಪಿಗೆ ಸಂಪರ್ಕ ಪಟ್ಟಿ ನೋಡಲು ಅನುಮತಿ ಕೊಟ್ಟರೆ ಮನೆಯವರ ಹೆಸರುಗಳೂ ಅದರಲ್ಲಿ ಸೇರುತ್ತವೆ. ವ್ಯಾಪಾರದ ಸಂಖ್ಯೆಗೆ ಸಾಧಾರಣ ಬೆಲೆಯ ಪ್ರತ್ಯೇಕ ಫೋನನ್ನು ತೆಗೆದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯೇ ಇಡುವುದು ಇದಕ್ಕಿಂತ ಉತ್ತಮ. ಮಾಲೀಕರು ಊರಿನಲ್ಲಿಲ್ಲದಾಗ ಮಗನೋ ಗುಮಾಸ್ತರೋ ಉತ್ತರಿಸಬಹುದು. ಇಂಟರ್ನೆಟ್ ಬೇಡದವರಿಗಾಗಿ ಕರೆ ಮತ್ತು ಎಸ್.ಎಂ.ಎಸ್. ಮಾತ್ರವಿರುವ ಯೋಜನೆಗಳನ್ನು ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ವಿಧಿಸಿದೆ. ಬ್ಯಾಂಕಿಗೆಂದೇ ಇಟ್ಟ ಸಂಖ್ಯೆಗೆ ಇಂತಹ ಯೋಜನೆ ಸಾಕು.

0821ರಿಂದ ಆರಂಭವಾಗುವ ಸ್ಥಿರ ದೂರವಾಣಿಯನ್ನು ಬಿಟ್ಟುಬಿಟ್ಟವರು ಮತ್ತೊಮ್ಮೆ ಯೋಚಿಸಬಹುದು. ಅದು ಅಂಗಡಿಯ ವಿಳಾಸಕ್ಕೆ ಸೇರಿದ್ದು, ವ್ಯಕ್ತಿಗಲ್ಲ. ಹೊರ ಊರಿನ ಗಿರಾಕಿಗೆ ಇದು ಮೈಸೂರಿನ ಅಂಗಡಿಯೆಂಬ ನಂಬಿಕೆಯನ್ನೂ ಅದು ಕೊಡುತ್ತದೆ. ಹೆಬ್ಬಾಳದ ಕೈಗಾರಿಕಾ ಪ್ರದೇಶದಂತಹ ಕಡೆ ಹಲವು ಸಿಬ್ಬಂದಿ ಕರೆ ಸ್ವೀಕರಿಸುವ ಘಟಕಗಳಿಗೆ ಕ್ಲೌಡ್ ದೂರವಾಣಿ ಒಪ್ಪುತ್ತದೆ. ಸಂಸ್ಥೆಗೆ ಒಂದು ಸಂಖ್ಯೆ. ಕರೆ ಬಂದಾಗ ಅದು ಆಯಾ ಸಿಬ್ಬಂದಿಯ ಮೊಬೈಲಿಗೆ ಹೋಗುತ್ತದೆ, ಆದರೆ ಕರೆ ಮಾಡಿದವರಿಗೆ ಆ ಮೊಬೈಲ್ ಸಂಖ್ಯೆ ಕಾಣುವುದಿಲ್ಲ. ಟ್ಯಾಕ್ಸಿ ಚಾಲಕರ ಸಂಖ್ಯೆ ಪ್ರಯಾಣಿಕರಿಗೆ ಕಾಣದಂತೆ ಮಾಡುವುದೂ ಇದೇ ತಂತ್ರದಿಂದ. ಬೆಂಗಳೂರಿನ ಎಕ್ಸೋಟೆಲ್ 2011ರಿಂದ ಈ ಕ್ಷೇತ್ರದಲ್ಲಿದೆ. ಕೆಲವು ವಿದೇಶಿ ಆ್ಯಪುಗಳು ನಿಮಿಷದಲ್ಲಿ ಹೊರದೇಶದ ಸಂಖ್ಯೆ ಕೊಡುವುದುಂಟು. ವ್ಯಾಪಾರಸ್ಥರು ಅವುಗಳ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಹೊರದೇಶದ ಸಂಖ್ಯೆಯಿಂದ ಬಂದ ಕರೆಯನ್ನು ಇಂದು ಯಾವ ಗಿರಾಕಿಯೂ ಧೈರ್ಯದಿಂದ ಎತ್ತುವುದಿಲ್ಲ.

ಎರಡನೆಯ ಸಿಮ್ಮನ್ನು ಡ್ರಾಯರಿನಲ್ಲಿ ಹಾಕಿ ಮರೆಯುವವರೂ ಇದ್ದಾರೆ. 2013ರ ನಿಯಮದಂತೆ, 90 ದಿನ ಬಳಸದ, ಖಾತೆಯಲ್ಲಿ 20 ರೂಪಾಯಿಗಿಂತ ಕಡಿಮೆ ಇರುವ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಲ್ಲಿಸಬಹುದು. ನಂತರ ಅದು ಬೇರೆಯವರಿಗೆ ಹೋಗುತ್ತದೆ. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ನಾಯಕ ರಜತ್ ಪಾಟೀದಾರ್ ಅವರ ಹಳೆಯ ಸಂಖ್ಯೆ ಹೀಗೆಯೇ 2025ರಲ್ಲಿ ಛತ್ತೀಸಗಡದ ಹಳ್ಳಿಯೊಂದರ ಯುವಕನ ಪಾಲಾಗಿ, ಅವನಿಗೆ ವಿರಾಟ್ ಕೊಹ್ಲಿಯವರ ಕರೆಗಳು ಬರತೊಡಗಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅಲ್ಲಿ ಅದು ನಗುವಿನ ಸಂಗತಿಯಾಯಿತು. ಬ್ಯಾಂಕಿನ ಒ.ಟಿ.ಪಿ. ಹೋಗುವ ಸಂಖ್ಯೆಯಾಗಿದ್ದರೆ ನಗುವವರು ಯಾರು? ವಾಟ್ಸ್‌ಆ್ಯಪ್‌ನಂತಹ ಸೇವೆಗಳು ಸಕ್ರಿಯ ಸಿಮ್ ಫೋನಿನಲ್ಲಿದ್ದರೆ ಮಾತ್ರ ಕೆಲಸ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಸೂಚನೆ ಹೊರಡಿಸಿರುವುದರಿಂದ, ವ್ಯಾಪಾರದ ವಾಟ್ಸ್‌ಆ್ಯಪ್ ಇರುವ ಸಿಮ್ ಅದೇ ಫೋನಿನಲ್ಲಿ ಜೀವಂತವಾಗಿರುವಂತೆ ನೋಡಿಕೊಳ್ಳಬೇಕು.

ಯಾರ ಹೆಸರಿನಲ್ಲಿ?

ಲೆಕ್ಕಪರಿಶೋಧಕರ ಕಚೇರಿಗಳಿಗೆ ಬರುವ ತಂಟೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಅಂಗಡಿಯ ಎರಡನೆಯ ಸಿಮ್ ಚಾಲಕನ ಹೆಸರಿನಲ್ಲಿರುತ್ತದೆ. ಇಲ್ಲವೇ ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟ ಮಾರಾಟಗಾರನ ಹೆಸರಿನಲ್ಲಿ. ನಕಲಿ ಸಿಮ್ ಪಡೆಯುವ ಹಕ್ಕು ಕಾಗದದ ಮೇಲೆ ಆತನದು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಒಂಬತ್ತು ಸಂಪರ್ಕಗಳವರೆಗೆ ಅವಕಾಶವಿದೆ. ಮಿತಿ ಮೀರಿದರೆ 2023ರ ದೂರಸಂಪರ್ಕ ಕಾಯಿದೆಯಡಿ ಮೊದಲ ಸಲ 50,000 ರೂ.ವರೆಗೆ, ನಂತರ 2 ಲಕ್ಷ ರೂ.ವರೆಗೆ ದಂಡ, ವಂಚನೆಯಿಂದ ಸಿಮ್ ಪಡೆದರೆ ಮೂರು ವರ್ಷಗಳವರೆಗೆ ಸೆರೆವಾಸ. ತಮ್ಮ ಹೆಸರಿನಲ್ಲಿ ಎಷ್ಟು ಸಂಖ್ಯೆಗಳಿವೆ ಎಂಬುದನ್ನು ‘ಸಂಚಾರ ಸಾಥಿ’ ಜಾಲತಾಣದಲ್ಲಿ ನೋಡಿ, ತಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು.

ಸಂಸ್ಥೆಯ ಹೆಸರಿನಲ್ಲೇ ಸಂಪರ್ಕ ಪಡೆಯುವುದಕ್ಕೂ ದಾರಿಯಿದೆ. ಹಿಂದಿನ ಸಗಟು ಸಂಪರ್ಕಗಳ ಬದಲು 2023ರಲ್ಲಿ ‘ವ್ಯವಹಾರ ಸಂಪರ್ಕ’ ಎಂಬ ಪದ್ಧತಿ ಬಂದಿದೆ. ಸಂಸ್ಥೆಯ ದಾಖಲೆಗಳ ಜೊತೆಗೆ, ಸಿಮ್ ಬಳಸುವ ಪ್ರತಿ ಸಿಬ್ಬಂದಿಯ ಗುರುತಿನ ದಾಖಲೆಯನ್ನೂ ಕೊಡಬೇಕು. ಕರೆ ಮಾಡಿದವರ ಹೆಸರು ಫೋನಿನ ಪರದೆಯ ಮೇಲೆ ಮೂಡುವ ವ್ಯವಸ್ಥೆಯನ್ನು ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಅದರಲ್ಲಿ ಕಾಣುವುದು ಸಿಮ್ ಪಡೆದಾಗ ಕೊಟ್ಟ ಹೆಸರು. ಚಾಲಕನ ಹೆಸರಿನ ಸಿಮ್ಮಿನಿಂದ ರೇಷ್ಮೆ ಸೀರೆಯ ವರ್ತಕರು ಕರೆ ಮಾಡಿದರೆ ಗಿರಾಕಿಗೆ ಚಾಲಕನ ಹೆಸರು ಕಂಡೀತು. ವ್ಯವಹಾರ ಸಂಪರ್ಕ ಪಡೆದವರಿಗೆ ಜಿ.ಎಸ್.ಟಿ.ಯಲ್ಲಿ ನೋಂದಾಯಿಸಿದ ವ್ಯಾಪಾರನಾಮವನ್ನು ತೋರಿಸಿಕೊಳ್ಳುವ ಅವಕಾಶವನ್ನೂ ಅದೇ ಶಿಫಾರಸು ಸೂಚಿಸಿದೆ. ಇನ್ನೊಂದು ಮಾತು: ಎರಡನೆಯ ಸಂಖ್ಯೆಯೆಂದರೆ ಅನಾಮಧೇಯತೆಯಲ್ಲ. ಗ್ರಾಹಕರಿಗೆ ಮನೆಯ ಸಂಖ್ಯೆ ತಿಳಿಯದು, ಅಷ್ಟೇ. ಕಾನೂನಿಗೆ ಎರಡೂ ತಿಳಿದಿರುತ್ತವೆ.

ಪಾಲುದಾರಿಕೆ ಸಂಸ್ಥೆಗಳಲ್ಲಿ ಹಳೆಯ ಸಂಖ್ಯೆಯೆಂದರೆ ಅರ್ಧ ಗುಡ್‌ವಿಲ್. ಪಾಲುದಾರರು ಬೇರೆಯಾದಾಗ ಅಂಗಡಿ, ಸರಕು, ಬಾಕಿ ಎಲ್ಲಕ್ಕೂ ಪಟ್ಟಿಯಾಗುತ್ತದೆ. ಸಂಖ್ಯೆ ಮಾತ್ರ ಯಾರ ಜೇಬಿನಲ್ಲಿತ್ತೋ ಅವರೊಂದಿಗೆ ಹೊರಟುಹೋಗುತ್ತದೆ. ಪಾಲುದಾರಿಕೆ ಪತ್ರದಲ್ಲಿ ಇದಕ್ಕೊಂದು ಸಾಲು ಸೇರಿಸುವುದು ಖರ್ಚಿಲ್ಲದ ಕೆಲಸ.

ಲೆಕ್ಕಪರಿಶೋಧಕ ವೃತ್ತಿಯವರ ಪಾಲಿನ ತಪ್ಪನ್ನೂ ಹೇಳಲೇಬೇಕು. 2017ರ ಗಡಿಬಿಡಿಯಲ್ಲಿ ಮಾಡಿದ ಎಷ್ಟೋ ಜಿ.ಎಸ್.ಟಿ. ನೋಂದಣಿಗಳಲ್ಲಿ ವರ್ತಕರದ್ದರ ಬದಲು ಲೆಕ್ಕ ಬರೆಯುವ ಕಚೇರಿಯ ಸಹಾಯಕನ ಮೊಬೈಲ್ ಸಂಖ್ಯೆ ಇದೆ. ಸಹಾಯಕ ಕೆಲಸ ಬಿಟ್ಟ ಮೇಲೆ ಒ.ಟಿ.ಪಿ.ಯೂ ನೋಟಿಸಿನ ಸಂದೇಶವೂ ಅವನಿಗೇ ಹೋಗುತ್ತವೆ. ಪೋರ್ಟಲಿನಲ್ಲಿ ಅಧಿಕೃತ ಸಹಿದಾರರ ಸಂಖ್ಯೆಯನ್ನು ತಿದ್ದುವುದು ಅಧಿಕಾರಿಯ ಅನುಮತಿ ಬೇಡದ ತಿದ್ದುಪಡಿ. ತಿಜೋರಿಯ ಸಂಖ್ಯೆ ಪಡೆದವರು ಬ್ಯಾಂಕಿನ ನಂತರ ಮಾಡಬೇಕಾದ ಮೊದಲ ಕೆಲಸ ಇದು.

2025ರ ಜುಲೈಯಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಯು.ಪಿ.ಐ. ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ಕೊಟ್ಟಿತು. ಬೇಕರಿ, ತರಕಾರಿ ಅಂಗಡಿಗಳ ಮುಂದೆ ‘ಯು.ಪಿ.ಐ. ಇಲ್ಲ’ ಎಂಬ ಫಲಕಗಳು ತೂಗಿದವು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಜುಲೈ 23ರಂದು ಪ್ರಕಟಿಸಿದ ಮೇಲೆ ಗದ್ದಲ ಅಡಗಿತು. ಆದರೆ ಆ ನೋಟಿಸುಗಳಿಗೆ ಉತ್ತರಿಸುವಾಗ ಬಹಳ ಮಂದಿ ಎದುರಿಸಿದ ಕಷ್ಟ ತೆರಿಗೆಯದಲ್ಲ, ಬೆರಕೆಯದು. ವ್ಯಾಪಾರದ ಹಣ, ನೆಂಟರ ಕೈಸಾಲ, ಚೀಟಿಯ ಹಣ, ಮಗ ಕಳಿಸಿದ ಹಣ ಎಲ್ಲವೂ ಒಂದೇ ಮೊಬೈಲ್ ಸಂಖ್ಯೆಯ ಯು.ಪಿ.ಐ.ಗೆ ಬಂದಿತ್ತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗಳ ನೋಂದಣಿ ಮಿತಿಯನ್ನು ದಾಟಿದ್ದು ವ್ಯಾಪಾರವೋ ಸಂಸಾರವೋ ಎಂದು ಬಿಡಿಸಿ ತೋರಿಸಬೇಕಾದರೆ ನಾಲ್ಕು ವರ್ಷಗಳ ಬ್ಯಾಂಕ್ ಪಟ್ಟಿಯನ್ನು ಸಾಲು ಸಾಲಾಗಿ ಗುರುತಿಸಬೇಕಾಯಿತು. ತನ್ನ ಸಂಸಾರದ ಲೆಕ್ಕವನ್ನೆಲ್ಲ ಅಧಿಕಾರಿಯ ಮುಂದೆ ಬಿಚ್ಚಿಡುವುದಕ್ಕಿಂತ ದೊಡ್ಡ ಗೋಪ್ಯತಾ ಭಂಗ ವರ್ತಕನಿಗೆ ಇನ್ನೊಂದಿಲ್ಲ. ವ್ಯಾಪಾರಕ್ಕೆ ಪ್ರತ್ಯೇಕ ಚಾಲ್ತಿ ಖಾತೆ ತೆರೆದು, ಅದಕ್ಕೆ ಬ್ಯಾಂಕು ಕೊಡುವ ವರ್ತಕರ ಕ್ಯೂ.ಆರ್. ಫಲಕವನ್ನು ಇಟ್ಟವರಿಗೆ ಈ ತೊಂದರೆ ಇರದು. ಮೊಬೈಲ್ ಸಂಖ್ಯೆಯೇ ಯು.ಪಿ.ಐ. ವಿಳಾಸವಾಗಿರುವವರು ಆ್ಯಪಿನಲ್ಲಿಯೇ ಅಂಗಡಿಯ ಹೆಸರಿನ ಬೇರೊಂದು ವಿಳಾಸವನ್ನು ರಚಿಸಿಕೊಳ್ಳಬಹುದು.

ವ್ಯಾಪಾರದ ಸಂಖ್ಯೆ ಪ್ರತ್ಯೇಕವಾದರೆ ಅದರ ಖರ್ಚು ಪೂರ್ತಿಯಾಗಿ ವ್ಯವಹಾರದ ವೆಚ್ಚವೇ. ದೂರಸಂಪರ್ಕ ಸೇವೆಯ ಮೇಲಿನ ಶೇ. 18 ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಪಡೆಯಲು ಕಂಪನಿಗೆ ತಮ್ಮ ಜಿ.ಎಸ್.ಟಿ. ಸಂಖ್ಯೆ ಕೊಟ್ಟು ಬಿಲ್ಲು ಪಡೆದಿರಬೇಕು. ಮೂಲೆಯಂಗಡಿಯಲ್ಲಿ ಮಾಡಿಸಿದ ರೀಚಾರ್ಜಿಗೆ ಅದು ಸಿಗದು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಇವು ವರ್ತಕರನ್ನು ಕಾಯುವುದರ ಜೊತೆಗೆ ಅವರನ್ನು ಕಟ್ಟಿಹಾಕಲೂ ಬಂದಿವೆ. ತನ್ನ ಸಂಖ್ಯೆಯನ್ನು ಮುಚ್ಚಿಡಲು ಇಷ್ಟೆಲ್ಲ ಪಾಡುಪಡುವ ಅಂಗಡಿಯೇ ಬಿಲ್ ಮಾಡುವಾಗ ‘ನಿಮ್ಮ ಮೊಬೈಲ್ ನಂಬರ್ ಹೇಳಿ’ ಎಂದು ಪ್ರತಿ ಗಿರಾಕಿಯನ್ನೂ ಕೇಳುತ್ತದೆ. ಹಾಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ವರ್ತಕರಿಗೆ ಸಲಹೆ ನೀಡಿದೆ. ಹೀಗೆ ಸಂಗ್ರಹಿಸಿದ ಸಂಖ್ಯೆಗಳಿಗೆ ಹತ್ತಂಕಿಯ ಸಾಮಾನ್ಯ ಮೊಬೈಲಿನಿಂದ ದಸರಾ ರಿಯಾಯಿತಿಯ ಸಂದೇಶಗಳನ್ನು ರಾಶಿಯಾಗಿ ಕಳಿಸುವುದು ಟ್ರಾಯ್‌ನ 2018ರ ನಿಯಮಗಳಿಗೆ ವಿರುದ್ಧ. ಗ್ರಾಹಕರು 1909ಕ್ಕೆ ದೂರು ಕೊಟ್ಟರೆ ನಿಲ್ಲುವುದು ನಾಮಫಲಕದ ಮೇಲಿರುವ ಆ ಇಪ್ಪತ್ತು ವರ್ಷದ ಹಳೆಯ ಸಂಖ್ಯೆಯೇ.