ನಿಮಗಿದು ಗೊತ್ತೆ? ಹಜಾರದ ಹೊಳಪಿಗೆ ತುಕ್ಕೇ ಬಣ್ಣ!
ಮೈಸೂರಿನ ಅಗ್ರಹಾರ, ಕೃಷ್ಣಮೂರ್ತಿಪುರಂ, ಚಾಮರಾಜಪುರಂನ ಹಳೆಯ ಮನೆಗಳಲ್ಲಿ ಮಿರಮಿರ ಮಿಂಚುವ ಕೆಂಪು ನೆಲಕ್ಕೆ ಬಣ್ಣ ಕೊಟ್ಟಿರುವುದು ತುಕ್ಕು! ಆ ನೆಲದ ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡ್. ಗೇಟಿಗೆ ಹಿಡಿದರೆ ಬೈದುಕೊಳ್ಳುತ್ತೇವೆ, ಹಜಾರದಲ್ಲಿದ್ದರೆ ಬಂದವರಿಗೆಲ್ಲ ತೋರಿಸುತ್ತೇವೆ. ಈಗಾಗಲೇ ಪೂರ್ತಿ ತುಕ್ಕಾಗಿರುವುದರಿಂದಲೇ ಅದು ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಅಂಚಿನ ಹಳದಿ ಪಟ್ಟಿಯೂ ಕಬ್ಬಿಣದ್ದೇ. ಹಸಿರು ನೆಲದ ಬಣ್ಣ ಮಾತ್ರ ಕ್ರೋಮಿಯಂನದು.

ಈ ಕೆಂಪು ಮೇಲೆ ಬಳಿದ ಪೇಂಟ್ ಅಲ್ಲ. ಸಿಮೆಂಟಿಗೆ ಪುಡಿ ಬೆರೆಸಿ, ತೆಳುವಾಗಿ ಹರಡಿ, ಗಾರೆಯವರು ಕರಣೆಯಿಂದ ಉಜ್ಜಿ ಉಜ್ಜಿ ತಂದ ನಯ. ಆಮೇಲೆ ಕೆಲವು ದಿನ ನೀರು ಕಟ್ಟಿ ನಿಲ್ಲಿಸುತ್ತಿದ್ದರು. ಬರಿಗಾಲಲ್ಲಿ ಓಡಾಡಿದಷ್ಟೂ ಹೊಳಪು ಹೆಚ್ಚು. ಮಂಕಾಯಿತೆ? ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಮೇಣದ ಪಾಲಿಶನ್ನೋ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನೋ ತಿಕ್ಕಿದರೆ ಸಾಕು. ಆ್ಯಸಿಡ್ ಮಾತ್ರ ಬೇಡ, ಸಿಮೆಂಟನ್ನೇ ತಿನ್ನುತ್ತದೆ. ನಿಂಬೆರಸವೂ ಅಷ್ಟೆ. ಬಿರುಕಿಗೆ ತೇಪೆ ಹಾಕಿಸಿದರೆ ಹಳೆಯ ಕೆಂಪಿಗೆ ಹೊಸ ಕೆಂಪು ಹೊಂದುವುದು ಅಪರೂಪ. ಸಣ್ಣ ಬಿರುಕನ್ನು ಹಾಗೇ ಬಿಡುವುದೇ ವಾಸಿ.

ಹೂಕುಂಡ ಎತ್ತಿದಾಗ ಈ ನೆಲದ ಮೇಲೆ ಕಾಣುವ ಬಿಳಿ ಉಂಗುರ? ಅದು ಸೋರಿದ ನೀರು ಆರಿ ಉಳಿದ ಲವಣ. ಅದಕ್ಕೇ ಕುಂಡದ ಕೆಳಗೊಂದು ತಟ್ಟೆ ಇರಲಿ. ಒಳಮನೆಗೆ ನೀರು ಕಡಿಮೆ ಕೇಳುವ ಸ್ನೇಕ್ ಪ್ಲಾಂಟ್ ಒಳ್ಳೆಯದು. ಬಾಟಲಿ ನೀರಲ್ಲೇ ಬೆಳೆಯುವ ಮನಿ ಪ್ಲಾಂಟ್ ಕೂಡ ಆದೀತು. ಸದಾ ತೇವ ಬೇಡುವ ಜರಿಗಿಡಕ್ಕೆ ಜಗಲಿಯೇ ಸರಿ.