ಪಾಯ ತೋಡುವ ಮೊದಲು: ಹಳ್ಳಿಮನೆ ಪರವಾನಗಿಯ ಸುತ್ತಲಿನ ತಪ್ಪು ಕಲ್ಪನೆಗಳು

ಪಂಚನಹಳ್ಳಿ ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿ ಹೊಸ ಮನೆ ಕಟ್ಟಲು ಹೊರಟವರಿಗೆ ಮೂರು ಕಚೇರಿಗಳ ಹೆಸರುಗಳು ಎದುರಾಗುತ್ತವೆ: ಊರಿನ ಗ್ರಾಮ ಪಂಚಾಯ್ತಿ, ಕಡೂರಿನ ತಾಲ್ಲೂಕು ಕಚೇರಿ, ಚಿಕ್ಕಮಗಳೂರಿನ ಜಿಲ್ಲಾಧಿಕಾರಿ ಕಚೇರಿ. ಯಾವ ಪ್ರಶ್ನೆಗೆ ಎಲ್ಲಿ ಉತ್ತರ ಸಿಗುತ್ತದೆ ಎಂಬುದು ಗೊತ್ತಿಲ್ಲದೆ ಜನ ಅಲೆಯುತ್ತಾರೆ. ಆ ಅಲೆದಾಟಕ್ಕೆ ಹೆದರಿ ಕೆಲವರು ಕೇಳುವುದನ್ನೇ ಬಿಟ್ಟು ಪಾಯ ತೋಡಿಬಿಡುತ್ತಾರೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕಟ್ಟುವ ಮನೆ ಹೀಗೆ ಶುರುವಾಗಬಾರದು. ಊರಲ್ಲಿ ಚಾಲ್ತಿಯಲ್ಲಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಲೈಸೆನ್ಸು, ಪ್ಲಾನು ಎಲ್ಲ ಪೇಟೆಯವರಿಗೆ. ಹಳ್ಳಿಯಲ್ಲಿ ಬೇಕಾಗಿಲ್ಲ.

ಸತ್ಯ: ಬೇಕು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯ್ತಿಯ ಲಿಖಿತ ಅನುಮತಿ ಇಲ್ಲದೆ ಯಾರೂ ಹೊಸ ಕಟ್ಟಡ ಕಟ್ಟುವಂತಿಲ್ಲ. ಹಳೆಯದಕ್ಕೆ ಕೋಣೆ ಸೇರಿಸುವುದಕ್ಕೂ, ಕೆಡವಿ ಮತ್ತೆ ಕಟ್ಟುವುದಕ್ಕೂ ಇದೇ ನಿಯಮ. ಹೆಂಚಿನ ಮನೆ ಇಳಿಸಿ ಅದೇ ಜಾಗದಲ್ಲಿ ಆರ್‌ಸಿಸಿ ಹಾಕಿಸುವವರು ‘ಹಳೇ ಮನೆ ತಾನೇ’ ಎಂದುಕೊಂಡು ಇದನ್ನು ಮರೆಯುತ್ತಾರೆ.

ತಪ್ಪು ಕಲ್ಪನೆ: ಅಧ್ಯಕ್ಷರು ‘ಕಟ್ಕೊಳ್ಳಿ, ನಾನಿದ್ದೀನಿ’ ಅಂದಿದ್ದಾರೆ, ಸಾಕು.

ಸತ್ಯ: ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಕಾಯ್ದೆ ಕೇಳುವುದು ಲಿಖಿತ ಅನುಮತಿ. ಅಧ್ಯಕ್ಷರು, ಸದಸ್ಯರು ಬದಲಾಗುತ್ತಾರೆ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾಗಿ ಹೋಗುತ್ತಾರೆ. ಉಳಿಯುವುದು ಕಡತ ಮಾತ್ರ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದುಕೊಳ್ಳಿ. ನಿಗದಿತ ಗಡುವಿನೊಳಗೆ ಪಂಚಾಯ್ತಿ ಏನನ್ನೂ ತಿಳಿಸದಿದ್ದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಲು ಇದೇ 64ನೇ ಪ್ರಕರಣ ಅವಕಾಶ ಕೊಡುತ್ತದೆ. ಆ ಗಡುವು ಯಾವ ದಿನದಿಂದ ಶುರುವಾಯಿತು ಎಂಬುದಕ್ಕೆ ನಿಮ್ಮ ಬಳಿ ಇರುವ ಸಾಕ್ಷಿ ಆ ಸ್ವೀಕೃತಿಯೇ. ಹಾಗೆಂದು ನಿಯಮ ಮೀರಿ ಕಟ್ಟಲು ಈ ಅವಕಾಶವನ್ನು ಬಳಸುವಂತಿಲ್ಲ.

ತಪ್ಪು ಕಲ್ಪನೆ: ಜಮೀನು ನನ್ನದು, ಪಹಣಿ ನನ್ನ ಹೆಸರಲ್ಲಿದೆ. ಎಲ್ಲಿ ಬೇಕಾದರೂ ಕಟ್ಟುತ್ತೇನೆ.

ಸತ್ಯ: ಈ ನಂಬಿಕೆ ಅರ್ಧ ಸರಿ, ಅರ್ಧ ತಪ್ಪು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣ ರೈತನಿಗೆ ತನ್ನ ಜಮೀನಿನಲ್ಲಿ ಕೃಷಿಗೆ ಬೇಕಾದ ಕಟ್ಟಡ ಕಟ್ಟುವ ಹಕ್ಕು ಕೊಟ್ಟಿದೆ. ತೆಂಗಿನಕಾಯಿ ಕೂಡಿಟ್ಟು ಕೊಬ್ಬರಿ ಮಾಡುವ ಅಟ್ಟ, ದನದ ಕೊಟ್ಟಿಗೆ, ಗೊಬ್ಬರ ಮತ್ತು ಮೇವಿನ ಶೆಡ್ಡು ಇದರಲ್ಲಿ ಬರುತ್ತವೆ. ತೋಟದಲ್ಲೇ ಇದ್ದು ಬೇಸಾಯ ಮಾಡುವ ಕುಟುಂಬದ ವಾಸದ ಮನೆಯೂ ಬರುತ್ತದೆ. ಇದಕ್ಕೆ ಭೂ ಪರಿವರ್ತನೆ ಬೇಕಿಲ್ಲ, ಆದರೆ ಮಿತಿ ಇದೆ: ತೋಟದ ಮನೆ ಹಿಡುವಳಿಯ ಶೇ 10ನ್ನು ಮೀರಬಾರದು. ಎರಡು ಎಕರೆ ಎಂದರೆ 80 ಗುಂಟೆ. ಅದರಲ್ಲಿ 8 ಗುಂಟೆಯೊಳಗೆ ಇರಬೇಕು. ಅದಕ್ಕೂ ಮೇಲೆ ನಿಯಮಗಳು ಗರಿಷ್ಠ ವಿಸ್ತೀರ್ಣವನ್ನು ಗೊತ್ತುಮಾಡಬಹುದು.

ಅದೇ ತೋಟದಲ್ಲಿ ಅಂಗಡಿ ಮಳಿಗೆ, ಕಲ್ಯಾಣ ಮಂಟಪ, ಬಾಡಿಗೆ ಮನೆ ಕಟ್ಟಿದರೆ ಅದು ಕೃಷಿ ಬಳಕೆ ಅಲ್ಲ. ಮೊದಲು ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಆಗಬೇಕು. ಪರಿವರ್ತನೆ ಇಲ್ಲದೆ ಕಟ್ಟಿದರೆ 96ನೇ ಪ್ರಕರಣದಡಿ ದಂಡ ಕಟ್ಟಬೇಕಾಗುತ್ತದೆ, ಜಾಗ ತೆರವು ಮಾಡಿಸುವುದಕ್ಕೂ ಅವಕಾಶವಿದೆ.

ತಪ್ಪು ಕಲ್ಪನೆ: ಅಲಿನೇಷನ್ (ಭೂ ಪರಿವರ್ತನೆ) ಆಯಿತು, ಇನ್ನು ಪಂಚಾಯ್ತಿ ಹಂಗಿಲ್ಲ.

ಸತ್ಯ: ಪರಿವರ್ತನೆಯ ಆದೇಶ ‘ಈ ನೆಲವನ್ನು ಕೃಷಿಯೇತರ ಬಳಕೆಗೆ ಉಪಯೋಗಿಸಬಹುದು’ ಎನ್ನುತ್ತದೆ, ಅಷ್ಟೇ. ಅಲ್ಲಿ ಎಷ್ಟು ಎತ್ತರದ, ಎಂಥ ಕಟ್ಟಡ ಬರಬೇಕು, ರಸ್ತೆಗೆ ಎಷ್ಟು ಜಾಗ ಬಿಡಬೇಕು ಎಂಬುದು ಕಟ್ಟಡ ಪರವಾನಗಿಯ ವಿಷಯ. ಎರಡೂ ಬೇರೆ ಬೇರೆ ಕಾಗದಗಳು, ಒಂದು ಇದ್ದರೆ ಇನ್ನೊಂದು ಬೇಡ ಎಂದಾಗುವುದಿಲ್ಲ.

ತಪ್ಪು ಕಲ್ಪನೆ: ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದೆ, ಕಂದಾಯವನ್ನೂ ಕಟ್ಟುತ್ತಿದ್ದೇನೆ. ಸೈಟು ಪಕ್ಕಾ.

ಸತ್ಯ: ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲೇ. ನೋಂದಣಿ ಎನ್ನುವುದು ಮಾರಿದವರಿಗೂ ಕೊಂಡವರಿಗೂ ನಡುವೆ ನಡೆದ ವ್ಯವಹಾರದ ದಾಖಲೆ. ಕೃಷಿ ಜಮೀನಿಗೆ ಕಲ್ಲು ನೆಟ್ಟು ಸೈಟು ಮಾಡಿ ಮಾರಿದರೆ, ನೋಂದಣಿ ಆದ ಮಾತ್ರಕ್ಕೆ ಅದು ಅನುಮೋದಿತ ಬಡಾವಣೆ ಆಗುವುದಿಲ್ಲ. ಕಂದಾಯ ರಸೀದಿಯೂ ಅಷ್ಟೇ: ಅನಧಿಕೃತ ಆಸ್ತಿಯಿಂದಲೂ ಪಂಚಾಯ್ತಿ ತೆರಿಗೆ ವಸೂಲಿ ಮಾಡುತ್ತದೆ. ರಸೀದಿ ತೋರಿಸಿ ಹಕ್ಕು ಸಾಧಿಸಲು ಬರುವುದಿಲ್ಲ.

ನೋಡಬೇಕಾದದ್ದು ಇ-ಸ್ವತ್ತು ತಂತ್ರಾಂಶದಿಂದ ಬರುವ ನಮೂನೆಗಳನ್ನು. ಗ್ರಾಮಠಾಣಾದ (ಊರಿನ ವಸತಿ ನೆಲೆಯ) ಆಸ್ತಿಗೆ, ಪರಿವರ್ತನೆಯಾಗಿ ಅನುಮೋದನೆ ಪಡೆದ ಜಾಗಕ್ಕೆ, ಸರ್ಕಾರಿ ವಸತಿ ಯೋಜನೆಯ ನಿವೇಶನಕ್ಕೆ ನಮೂನೆ 9 ಮತ್ತು 11ಎ ಸಿಗುತ್ತವೆ. ಆ ಪಟ್ಟಿಗೆ ಸೇರದ ಆಸ್ತಿಗೆ ಕೊಡುವುದು 11ಬಿ. ಎರಡನ್ನೂ ಜನ ಇ-ಖಾತೆ ಎಂದೇ ಕರೆಯುತ್ತಾರೆ. ಆದ್ದರಿಂದ ಮುಂಗಡ ಕೊಡುವ ಮೊದಲು ‘ಇ-ಖಾತೆ ಇದೆ’ ಎಂಬ ಮಾತಿಗೆ ತೃಪ್ತರಾಗದೆ ಆ ಕಾಗದವನ್ನೇ ಕೈಗೆ ಇಸಿದುಕೊಳ್ಳಿ. ಮೇಲ್ಭಾಗದಲ್ಲಿ ನಮೂನೆ ಯಾವುದೆಂದು ನೋಡಿ. ಉದ್ದ, ಅಗಲ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಓದಿ, ಟೇಪು ಹಿಡಿದು ಸ್ಥಳದಲ್ಲೇ ತಾಳೆ ಮಾಡಿ. ಪಿಡಿಒ ಅವರ ಡಿಜಿಟಲ್ ಸಹಿ ಇದೆಯೇ ಗಮನಿಸಿ. ಕಾಲು ಗಂಟೆಯ ಈ ಕೆಲಸ ಹತ್ತಾರು ವರ್ಷಗಳ ವ್ಯಾಜ್ಯ ತಪ್ಪಿಸುತ್ತದೆ.

ತಪ್ಪು ಕಲ್ಪನೆ: ಡ್ರೋನ್ ಸರ್ವೆ ಆಗಿ ಕಾರ್ಡ್ ಬಂದಿದೆ, ಅದೇ ಪರವಾನಗಿ.

ಸತ್ಯ: ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡುವ ಕೇಂದ್ರದ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಪಹಣಿಯಿಲ್ಲದ ಗ್ರಾಮಠಾಣಾ ಮನೆಗಳಿಗೆ ಅಳತೆಯುಳ್ಳ ದಾಖಲೆ ಸಿಗುವಂತಾದದ್ದು ದೊಡ್ಡ ಉಪಕಾರ. ಆದರೆ ಆ ಕಾರ್ಡ್ ಹೇಳುವುದು ಇರುವ ಆಸ್ತಿಯ ಬಗ್ಗೆ. ಮುಂದೆ ಕಟ್ಟುವುದಕ್ಕೆ ಪಂಚಾಯ್ತಿಗೆ ಬೇರೆ ಅರ್ಜಿ ಹಾಕಲೇಬೇಕು.

ತಪ್ಪು ಕಲ್ಪನೆ: ಸರ್ಕಾರಿ ಜಾಗದಲ್ಲಿ ಕಟ್ಟಿಬಿಟ್ಟರೆ ಆಮೇಲೆ ಸಕ್ರಮ ಆಗೇ ಆಗುತ್ತದೆ.

ಸತ್ಯ: ಭೂ ಕಂದಾಯ ಅಧಿನಿಯಮದ 94ಸಿ ಪ್ರಕಾರ ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಸಕ್ರಮದ ಅವಕಾಶ ಇರುವುದು ನಿಜ. ಅದು ನಿಗದಿತ ದಿನಾಂಕಕ್ಕಿಂತ ಮೊದಲೇ ಕಟ್ಟಿದ ವಾಸದ ಮನೆಗಳಿಗೆ ಮಾತ್ರ. ಕೆರೆ, ಹಳ್ಳ, ದಾರಿ, ಸ್ಮಶಾನದಂಥ ಬಿ-ಖರಾಬು ಜಾಗ ಊರಿನ ಸಾರ್ವಜನಿಕ ಆಸ್ತಿ. ಅಲ್ಲಿ ಮನೆ ಎಬ್ಬಿಸುವುದು ಊರಿಗೇ ಅನ್ಯಾಯ.

ಗೊಲ್ಲರಹಟ್ಟಿ, ತಾಂಡಾಗಳ ವಿಷಯ ಬೇರೆ. ತಲೆಮಾರುಗಳಿಂದ ದಾಖಲೆಯಿಲ್ಲದೆ ಬದುಕಿದ ಇಂಥ ಜನವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಿದೆ. 2025ರ ಮೇ 20ರಂದು ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಹಕ್ಕುಪತ್ರ ವಿತರಣೆಗೆ ಚಾಲನೆ ಸಿಕ್ಕಿತು. ಹಕ್ಕುಪತ್ರ ಇನ್ನೂ ಬಾರದ ಹಟ್ಟಿಯವರು ತಾಲ್ಲೂಕು ಕಚೇರಿಯಲ್ಲಿ ಧೈರ್ಯವಾಗಿ ಕೇಳಬೇಕು.

ತಪ್ಪು ಕಲ್ಪನೆ: ಪರವಾನಗಿ ಇಲ್ಲದಿದ್ದರೆ ಏನಾಗುತ್ತದೆ? ಕರೆಂಟು ಹೇಗೂ ಬರುತ್ತದೆ.

ಸತ್ಯ: ಆ ಕಾಲ ಹೋಯಿತು. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಸ್ವಾಧೀನ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿತು. ಆಮೇಲೆ ರಾಜ್ಯದಲ್ಲಿ ಬಹಳಷ್ಟು ಹೊಸ ಮನೆಗಳ ಮೀಟರ್ ಅರ್ಜಿಗಳು ನಿಂತವು, ಸಣ್ಣ ಮನೆಗಳಿಗೆ ಸಡಿಲಿಕೆಯ ಮಾತೂ ಬಂತು. ನಿಮ್ಮ ಅಳತೆಯ ಮನೆಗೆ ಏನು ಬೇಕೆಂದು ಕಟ್ಟುವ ಮೊದಲೇ ಮೆಸ್ಕಾಂ ಕಚೇರಿಯಲ್ಲಿ ಕೇಳಿ. ಬ್ಯಾಂಕಿನವರೂ ಮನೆಸಾಲಕ್ಕೆ ಖಾತೆಯ ಜೊತೆಗೆ ಪ್ಲಾನು, ಪರವಾನಗಿ ಕೇಳುತ್ತಾರೆ.

ಹೀಗಾಗಿ ಕೆಲಸದ ಕ್ರಮ ಮುಖ್ಯ. ಜಾಗ ಯಾರ ಹೆಸರಲ್ಲಿದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಅದು ಗ್ರಾಮಠಾಣಾವೋ, ಕೃಷಿ ಜಮೀನೋ, ಖರಾಬೋ ಎಂದು ಆಮೇಲೆ ತಿಳಿಯಿರಿ. ಎರಡೂ ಸರಿ ಇದ್ದರೆ ಪ್ಲಾನು ಬರೆಸಿ ಪಂಚಾಯ್ತಿಗೆ ಹೋಗಿ. ಮೇಸ್ತ್ರಿಗೆ ಅಡ್ವಾನ್ಸು ಕೊಡುವುದು ಕೊನೆಗೆ. ಪರವಾನಗಿ ಕಚೇರಿಯವರು ಮಾಡುವ ಉಪಕಾರವಲ್ಲ, ಬೇಡಿಕೊಳ್ಳಬೇಕಾದ ವಸ್ತುವೂ ಅಲ್ಲ. ಕಾಗದ ಸರಿಯಿದ್ದವರಿಗೆ ಅದು ಸಲ್ಲಬೇಕಾದದ್ದು. ಕೇಳಿ, ರಸೀದಿ ಸಮೇತ ಪಡೆದುಕೊಂಡು, ಆಮೇಲೆ ಗುದ್ದಲಿ ಪೂಜೆ ಮಾಡಿ.