ಕಪಾಟಿನ ಹಳೇ ಲ್ಯಾಪ್‌ಟಾಪ್ ಮಾತನಾಡಿದಾಗ

ನಮ್ಮ ಅನೇಕ ಮನೆಗಳ ಕಪಾಟಿನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಬಿದ್ದಿರುತ್ತದೆ. ಗಲ್ಫ್‌ನಿಂದ ರಜೆಗೆ ಬಂದವರು ತಂದದ್ದು. ನಾಲ್ಕೈದು ವರ್ಷ ಓಡಿದ ಮೇಲೆ ವಿಂಡೋಸ್ ಕೆಟ್ಟಿತು, ನಿಧಾನವಾಯಿತು ಎಂದು ಬದಿಗಿಟ್ಟಿರುತ್ತಾರೆ. ಗುಜರಿಗೆ ಹಾಕಲು ಮನಸ್ಸಿಲ್ಲ, ಬಳಸಲು ಆಗುವುದಿಲ್ಲ.

ಅಂಥದ್ದೇ ಒಂದು ಲ್ಯಾಪ್‌ಟಾಪ್ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿತ್ತು. ಹುಡುಗ ಓದಿನಲ್ಲಿ ಚುರುಕು. ಪಿಯುಸಿ ಮುಗಿಸುವ ಹೊತ್ತಿಗೆ ಕಣ್ಣಿನ ನರದ ತೊಂದರೆಯಿಂದ ದೃಷ್ಟಿ ಪೂರ್ತಿ ಹೋಯಿತು. ಅವನನ್ನು ನೋಡಲು ಹೋದಾಗಲೆಲ್ಲ ನಾವು ಧೈರ್ಯದ ಮಾತು ಹೇಳಿ, ಚಾ ಕುಡಿದು ಬರುತ್ತಿದ್ದೆವು. ಒಮ್ಮೆ ಅವನೇ ಬಾಯಿ ಬಿಟ್ಟ. ತನಗೆ ಬಂದ ಕಾಗದವನ್ನು ತಂಗಿ ಓದಬೇಕು, ಇ–ಮೇಲ್ ಅನ್ನು ದೊಡ್ಡಪ್ಪನ ಮಗ ಓದಬೇಕು, ತನಗೆ ಏನು ಬಂದಿದೆ ಎಂದು ಎಲ್ಲರಿಗೂ ಗೊತ್ತಾದ ಮೇಲೆ ಕೊನೆಗೆ ತನಗೆ ಗೊತ್ತಾಗುತ್ತದೆ ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ ತಂದವನು ಅದೇ ದೊಡ್ಡಪ್ಪನ ಮಗ. ಕಂಪ್ಯೂಟರ್ ಕೆಲಸ ಕಲಿತವನು. ಒಂದು ಡಿವಿಡಿ ತಂದು, ಇದನ್ನು ಹಾಕಿದರೆ ಈ ಹಳೇ ಲ್ಯಾಪ್‌ಟಾಪ್ ಮಾತನಾಡುತ್ತದೆ ಎಂದ. ನಾನು ನಂಬಲಿಲ್ಲ.

ವಿಷಯ ಹೀಗಿದೆ. ಕಂಪ್ಯೂಟರ್ ಕೆಲಸ ಮಾಡಬೇಕಾದರೆ ಅದಕ್ಕೊಂದು ಆಪರೇಟಿಂಗ್ ಸಿಸ್ಟಮ್ ಬೇಕು. ನಮಗೆಲ್ಲ ಗೊತ್ತಿರುವುದು ವಿಂಡೋಸ್. ಉಚಿತವಾಗಿ ಸಿಗುವ ಲಿನಕ್ಸ್ ಎಂಬುದೂ ಒಂದಿದೆ. ಅದರ ಕೆಲವು ರೂಪಗಳನ್ನು ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಲೇಬೇಕೆಂದಿಲ್ಲ. ಡಿಸ್ಕಿನಿಂದಲೇ ನೇರವಾಗಿ ಓಡಿಸಬಹುದು. ಇದಕ್ಕೆ ಲೈವ್ ಡಿಸ್ಕ್ ಎನ್ನುತ್ತಾರೆ. ಒಳಗಿರುವ ಹಾರ್ಡ್ ಡಿಸ್ಕನ್ನು ಅದು ತಾನಾಗಿ ಮುಟ್ಟುವುದಿಲ್ಲ, ಕಂಪ್ಯೂಟರಿನ ಮೆಮೊರಿಯಲ್ಲೇ ಕೆಲಸ ನಡೆಸುತ್ತದೆ. ಡಿಸ್ಕ್ ತೆಗೆದು ಮತ್ತೆ ಆನ್ ಮಾಡಿದರೆ ಹಳೆಯ ವಿಂಡೋಸ್, ಹಳೆಯ ಫೋಟೋ ಎಲ್ಲ ಇದ್ದಲ್ಲೇ ಇರುತ್ತವೆ.

ಇಂಥ ಲೈವ್ ಡಿಸ್ಕ್‌ಗಳಲ್ಲಿ ಹೆಸರಾದದ್ದು ಜರ್ಮನಿಯ ಕ್ಲೌಸ್ ಕ್ನಾಪರ್ ಎಂಬ ಎಂಜಿನಿಯರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್. 700 ಎಂಬಿಯ ಒಂದು ಸಿಡಿಯಲ್ಲಿ ಸುಮಾರು 2 ಜಿಬಿಯಷ್ಟು ಸಾಫ್ಟ್‌ವೇರನ್ನು ಒತ್ತಿ ತುಂಬಿಸಿದ್ದು ಅದರ ವಿಶೇಷ. ಅವರ ಹೆಂಡತಿ ಅಡ್ರಿಯಾನೆ ದೃಷ್ಟಿದೋಷವುಳ್ಳವರು. ಅವರ ನೆರವಿನಿಂದಲೇ, 2007ರಲ್ಲಿ, ಕಣ್ಣು ಕಾಣದವರಿಗಾಗಿ ಇದರ ಒಂದು ರೂಪ ಸಿದ್ಧವಾಯಿತು. ಹೆಸರು ಕೂಡ ಅಡ್ರಿಯಾನೆ. ಇಂಗ್ಲಿಷಿನಲ್ಲಿ ಆ ಅಕ್ಷರಗಳಿಗೆ ಧ್ವನಿಯಿಂದ ನಡೆಯುವ ಡೆಸ್ಕ್‌ಟಾಪ್ ಎಂಬ ಅರ್ಥದ ದೊಡ್ಡ ವಿಸ್ತರಣೆಯೂ ಇದೆ. ಆದರೆ ಹೆಂಡತಿಯ ಹೆಸರೆಂದು ಹೇಳಿದರೆ ಮನಸ್ಸಿಗೆ ಬೇಗ ಹಿಡಿಸುತ್ತದೆ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಹೊಸತಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಇದೆ. ವಿಂಡೋಸ್‌ಗೆ ಜಾಸ್ ಎಂಬುದಿದೆ, ಆದರೆ ಬಡವರ ಕೈಗೆ ಎಟುಕದ ಬೆಲೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಬೆಳೆಸಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಚೆನ್ನಾಗಿಯೂ ಇದೆ. ನಿಮ್ಮ ಮನೆಯಲ್ಲಿ ವಿಂಡೋಸ್ ಸರಿಯಾಗಿ ಓಡುತ್ತಿದ್ದರೆ ಅದನ್ನೇ ಹಾಕಿ, ಸಾಕು. ವಿಂಡೋಸ್ ಕೆಟ್ಟು ಕೂತಿದ್ದರೆ ಮಾತ್ರ ಕಷ್ಟ. ಸ್ಕ್ರೀನ್ ರೀಡರ್ ಹಾಕುವ ಮೊದಲು ಸಿಸ್ಟಮ್ ಸರಿಪಡಿಸಬೇಕು, ಅದು ಮುಗಿಯುವವರೆಗೆ ಕಂಪ್ಯೂಟರ್ ಮೂಕ. ಅಷ್ಟೂ ಹೊತ್ತು ಕಣ್ಣಿರುವ ಇನ್ನೊಬ್ಬ ಪಕ್ಕದಲ್ಲಿ ಕೂರಬೇಕು. ಡಿಸ್ಕಿನಿಂದ ಶುರುವಾಗುವ ವ್ಯವಸ್ಥೆಯಲ್ಲಿ ಧ್ವನಿ ಮೊದಲೇ ಒಳಗಿರುತ್ತದೆ.

ಇನ್ನು ನಮ್ಮ ಪ್ರಯತ್ನದ ಕತೆ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನು ತೆರೆಯುವ ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಮಾಡೆಲ್ ನೋಡಿಕೊಂಡು ಬದಲಾಗುವುದೂ ಇದೆ. ಮೊದಲ ಸಲ ನಾವು ತಡವಾಗಿ ಒತ್ತಿದೆವು. ನಾವಿಬ್ಬರೂ ಪರದೆ ನೋಡುತ್ತಾ ಕಾಯುತ್ತಿದ್ದರೆ, ಡಿಸ್ಕ್ ತಿರುಗುತ್ತಿಲ್ಲ, ಇದು ವಿಂಡೋಸಿಗೇ ಹೋಯಿತು ಎಂದು ಮೊದಲು ಹೇಳಿದವನು ಆ ಹುಡುಗ. ಅವನ ಕಿವಿ ನಮ್ಮ ಕಣ್ಣಿಗಿಂತ ಮುಂದಿತ್ತು.

ಎರಡನೇ ಸಲ ಡಿವಿಡಿ ಗರ್ರೆಂದು ತಿರುಗಿತು. ಆದರೂ ಮಾತಿಲ್ಲ. ನೋಡಿದರೆ ಲ್ಯಾಪ್‌ಟಾಪಿನ ವಾಲ್ಯೂಮ್ ಬಂದ್ ಆಗಿತ್ತು. ಇದು ಸಣ್ಣ ವಿಷಯ ಅನ್ನಿಸಬಹುದು. ಕಣ್ಣು ಕಾಣದವನೊಬ್ಬನೇ ಇದ್ದಿದ್ದರೆ, ಡಿಸ್ಕ್ ಕೆಟ್ಟಿದೆಯೋ ಸದ್ದು ನಿಂತಿದೆಯೋ ತಿಳಿಯದೆ ಅಲ್ಲಿಗೇ ಕೈಬಿಡುತ್ತಿದ್ದ. ವಾಲ್ಯೂಮ್ ಕೀ ಒತ್ತಿದಾಗ ಯಂತ್ರದಂಥ ಗಡಸು ಧ್ವನಿಯೊಂದು ಇಂಗ್ಲಿಷಿನಲ್ಲಿ ಮೆನು ಓದತೊಡಗಿತು. ಒಳಗಿನಿಂದ ಅವನ ಉಮ್ಮ ಓಡಿ ಬಂದು ಬಾಗಿಲಲ್ಲಿ ನಿಂತರು.

ಇದರಲ್ಲಿ ಮೌಸ್ ಬೇಡ. ಮೇಲೆ–ಕೆಳಗಿನ ಬಾಣದ ಕೀ ಒತ್ತಿದಂತೆ ಒಂದೊಂದೇ ಕೆಲಸದ ಹೆಸರು ಹೇಳುತ್ತದೆ. ಇ–ಮೇಲ್, ಇಂಟರ್ನೆಟ್, ಟಿಪ್ಪಣಿ ಬರೆಯುವುದು, ಸ್ಕ್ಯಾನರ್ ಇದ್ದರೆ ಮುದ್ರಿತ ಕಾಗದ ಓದಿಸುವುದು, ಹಾಡು–ಭಾಷಣ ಕೇಳುವುದು. ಬೇಕಾದಲ್ಲಿ ಎಂಟರ್ ಒತ್ತಿದರೆ ಆಯಿತು. ಪರದೆಯೇ ಇಲ್ಲದಿದ್ದರೂ ನಡೆಯುತ್ತದೆ. ಬ್ರೈಲ್ ಡಿಸ್‌ಪ್ಲೇ ಇದ್ದವರು ಅದನ್ನೂ ಜೋಡಿಸಬಹುದು.

ಸ್ವಲ್ಪ ಹೊತ್ತು ಕೇಳಿದ ಮೇಲೆ ಹುಡುಗ ನಮ್ಮಿಬ್ಬರ ಕೈಯನ್ನೂ ಕೀಬೋರ್ಡಿನಿಂದ ಸರಿಸಿದ. ಎಲ್ಲ ಬಂದ್ ಮಾಡಿ ಮೊದಲಿನಿಂದ ತಾನೇ ಶುರು ಮಾಡುತ್ತೇನೆ ಎಂದ. ಬೂಟ್ ಮೆನು ಮಾತನಾಡುವುದಿಲ್ಲ, ಅದೊಂದೇ ತೊಡಕು. ಆ ಮೆನುವಿನಲ್ಲಿ ಡಿವಿಡಿ ಎಷ್ಟನೇ ಸಾಲಿನಲ್ಲಿದೆ ಎಂದು ನಮ್ಮಿಂದ ಕೇಳಿ ತಿಳಿದುಕೊಂಡ. ಆನ್ ಮಾಡು, ಎಫ್12 ಬಿಡದೆ ತಟ್ಟು, ಕೆಳಬಾಣ ಎರಡು ಸಲ, ಎಂಟರ್, ಆಮೇಲೆ ಡಿಸ್ಕಿನ ಸದ್ದಿಗೆ ಕಿವಿಗೊಡು. ಮೂರನೇ ಸಲಕ್ಕೆ ಯಾರ ಸಹಾಯವೂ ಇಲ್ಲದೆ ಧ್ವನಿ ಬಂತು. ದೃಷ್ಟಿ ಹೋದ ಮೇಲೆ ಅವನ ಮುಖದಲ್ಲಿ ಅಂಥ ನಗು ನಾನು ನೋಡಿರಲಿಲ್ಲ.

ಮನೆಯಲ್ಲಿ ಇದನ್ನು ಮಾಡಿ ನೋಡುವವರಿಗೆ ಕೆಲವು ಮಾತು. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಡಿವಿಡಿಗೆ ಸುಮ್ಮನೆ ಕಾಪಿ ಮಾಡಿದರೆ ಆಗದು. ಡಿಸ್ಕ್ ಇಮೇಜ್ ಆಗಿ ಬರ್ನ್ ಮಾಡಬೇಕು. ವಿಂಡೋಸ್ 7ರಿಂದೀಚೆಗೆ ಆ ಸೌಲಭ್ಯ ಒಳಗೇ ಇದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದಿಲ್ಲ. ರೂಫಸ್‌ನಂಥ ಉಚಿತ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಹಾಕಬಹುದು. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಜಾಗ್ರತೆ. ಕೆಲವು ಕಡೆ ಸೆಕ್ಯೂರ್ ಬೂಟ್ ಎಂಬ ಬೀಗ ಅಡ್ಡ ಬರುತ್ತದೆ, ಅದನ್ನು ಸೆಟ್ಟಿಂಗ್‌ನಲ್ಲಿ ತೆಗೆಯಬೇಕು. ಡಿಸ್ಕಿನಿಂದ ಓಡಿಸುವಾಗ ಬರೆದದ್ದನ್ನು ಬೇರೊಂದು ಪೆನ್‌ಡ್ರೈವ್‌ಗೆ ಸೇವ್ ಮಾಡದಿದ್ದರೆ, ಬಂದ್ ಮಾಡಿದ ಕೂಡಲೇ ಹೋಗಿಬಿಡುತ್ತದೆ. ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ ಎಂದಿದ್ದು ಲೈವ್ ಆಗಿ ಓಡಿಸುವಾಗ ಮಾತ್ರ. ತಿಳಿಯದೆ ಇನ್‌ಸ್ಟಾಲ್ ಒತ್ತಬೇಡಿ.

ಇದೊಂದೇ ದಾರಿಯೂ ಅಲ್ಲ. ನೆರೆಯ ಕೇರಳದಲ್ಲಿ ಸಿದ್ಧವಾದ ಅಕ್ಸೆಸಿಬಲ್ ಕೋಕೋನಟ್ ಎಂಬ ಲಿನಕ್ಸ್ ಇದೆ, ಹೆಸರಲ್ಲೇ ತೆಂಗಿನಕಾಯಿ! ಉಬುಂಟು ಮಾಟೆ ಎಂಬುದರ ಮೇಲೆ, ಕಣ್ಣು ಕಾಣದವರಿಗೆಂದೇ ಅದನ್ನು ಕಟ್ಟಿದ್ದಾರೆ. ಸಾಮಾನ್ಯ ಉಬುಂಟುವಿನಲ್ಲೂ ಆಲ್ಟ್, ವಿಂಡೋಸ್ ಕೀ, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಆರ್ಕಾ ಎಂಬ ಸ್ಕ್ರೀನ್ ರೀಡರ್ ಮಾತು ಶುರು ಮಾಡುತ್ತದೆ.

ಕನ್ನಡ ಓದುತ್ತದೆಯೇ ಎಂದು ನೀವು ಕೇಳಬಹುದು. ಲಿನಕ್ಸ್‌ನಲ್ಲಿ ಬಳಸುವ ಇಸ್ಪೀಕ್ ಎಂಬ ಉಚಿತ ಧ್ವನಿಗೆ ಕನ್ನಡ ಬರುತ್ತದೆ. ಉಚ್ಚಾರ ಒರಟು, ನಾಲ್ಕು ದಿನದಲ್ಲಿ ಕಿವಿಗೆ ಒಗ್ಗುತ್ತದೆ. ಆದರೆ ಬರಹ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಫೋಟೋ ತೆಗೆದು ಕಳುಹಿಸಿದ ನೋಟ್ಸ್ ಮುಂದೆ ಸುಮ್ಮನಾಗುತ್ತದೆ. ಅಧ್ಯಾಪಕರೂ ಸಂಘಟನೆಗಳವರೂ ಇದನ್ನು ಗಮನಿಸಬೇಕು. ನಾವು ವಾಟ್ಸ್ಆ್ಯಪ್‌ನಲ್ಲಿ ಹಾಕುವ ನೋಟಿಸಿನ ಫೋಟೋ ಜೊತೆ ಅದೇ ವಿಷಯವನ್ನು ನಾಲ್ಕು ಸಾಲು ಟೈಪ್ ಮಾಡಿ ಹಾಕಿದರೆ, ಕಣ್ಣು ಕಾಣದವರಿಗೂ ಅದು ತಲುಪುತ್ತದೆ.

ಮೊನ್ನೆ ಆ ಹುಡುಗನಿಂದ ನನಗೊಂದು ಇ–ಮೇಲ್ ಬಂತು. ಮೂರು ಸಾಲು, ಅದರಲ್ಲಿ ಎರಡು ತಪ್ಪು. ಇದನ್ನು ಯಾರಿಗೂ ತೋರಿಸಿಲ್ಲ, ಉಸ್ತಾದ್, ನೀವೇ ಮೊದಲು ಓದುವವರು ಎಂದು ಕೊನೆಯಲ್ಲಿ ಬರೆದಿದ್ದ. ತಪ್ಪು ತಿದ್ದಲು ನನಗೆ ಮನಸ್ಸು ಬರಲಿಲ್ಲ.

ನಿಮ್ಮ ಕಪಾಟಿನಲ್ಲೂ ಅಂಥದ್ದೊಂದು ಲ್ಯಾಪ್‌ಟಾಪ್ ಇರಬಹುದು. ಓಣಿಯಲ್ಲೋ ಕುಟುಂಬದಲ್ಲೋ ಅದು ಬೇಕಾದವರೊಬ್ಬರು ಇರಬಹುದು. ಒಂದು ಸಂಜೆ ಬಿಡುವು ಮಾಡಿಕೊಂಡು ಇಬ್ಬರನ್ನೂ ಭೇಟಿ ಮಾಡಿಸಿ. ಡಿಸ್ಕ್ ಹಾಕಿಕೊಡಿ, ಕೀಗಳ ಲೆಕ್ಕ ಹೇಳಿಕೊಡಿ. ಆಮೇಲೆ ಕೀಬೋರ್ಡಿನಿಂದ ಕೈ ತೆಗೆಯಿರಿ.